ಹುಕ್ ಬೀಳುತ್ತಿಲ್ಲವೇ? ಮಣಿಕಟ್ಟು ತಿರುಚುವ ಮೊದಲು ಚೆಂಡನ್ನು ನೋಡಿ

ಹೊಸೂರಿನ ಒಂದು ಕಾರ್ಖಾನೆಯಲ್ಲಿ ನಾನು ಮೆಂಟೆನೆನ್ಸ್ ಫಿಟ್ಟರ್. ನಮ್ಮ ಶಿಫ್ಟಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಓಡುತ್ತವೆ. ಸಂಬಳ ಬಂದ ಮೇಲಿನ ಭಾನುವಾರ ಐದಾರು ಜನ ಸೇರಿ ಬಸ್ಸು ಹತ್ತುತ್ತೇವೆ. ಅತ್ತಿಬೆಲೆ ದಾಟಿ ಬೆಂಗಳೂರಿನ ಯಾವುದಾದರೂ ಮಾಲಿಗೆ ಹೋಗಿ ಎರಡು ಮೂರು ಗೇಮ್ ಬೌಲಿಂಗ್ ಆಡಿ ಬರುತ್ತೇವೆ. ಹತ್ತು ಪಿನ್‌ಗಳನ್ನು ಬೀಳಿಸುವ ಈ ಆಟದಲ್ಲಿ ಎಲ್ಲರಿಗೂ ಒಂದೇ ಆಸೆ. ಚೆಂಡು ಬಲಗಡೆಯಿಂದ ಹೋಗಿ, ಕೊನೆಯಲ್ಲಿ ಎಡಕ್ಕೆ ಬಾಗಿ, ಪಿನ್‌ಗಳ ನಡುವೆ ನುಗ್ಗಬೇಕು. ಅದೇ ಹುಕ್.

ಹೋದ ತಿಂಗಳು ಹೊಸೂರಿನ ಹತ್ತಿರದ ತಳಿ ಊರಿನಿಂದ ಬಂದಿದ್ದ ಅಕ್ಕನ ಮಗನೂ ನಮ್ಮ ಜೊತೆ ಬಂದ. ಒಂದು ಗೇಮ್ ಪೂರ್ತಿ ಕೈ ತಿರುಚಿ ತಿರುಚಿ ಎಸೆದ. ಆಮೇಲೆ ಮುಖ ಸಪ್ಪೆ ಮಾಡಿಕೊಂಡು, "ಮಾವ, ಎಷ್ಟು ತಿರುಗಿಸಿದ್ರೂ ನೆಟ್ಟಗೇ ಹೋಗತ್ತಲ್ಲ, ಯಾಕೆ?" ಅಂದ. ಅವನಿಗೆ ಅಲ್ಲಿ ನಿಂತುಕೊಂಡು ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ಎಲ್ಲವನ್ನೂ ಬಲಗೈ ಆಟಗಾರರಿಗೆ ಹೇಳಿದ್ದೇನೆ. ಎಡಗೈಯವರು ಎಡ ಬಲ ಅದಲು ಬದಲು ಮಾಡಿಕೊಳ್ಳಿ.

ಮೆಷಿನ್ ಕೆಟ್ಟಾಗ ನಾವು ಪಾಲಿಸುವ ನಿಯಮವೇ ಇಲ್ಲಿಗೂ ಸಾಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಚೆಂಡು, ನಿಲ್ಲುವ ಜಾಗ, ಕೈ, ವೇಗ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಚೆಂಡು ಬಾಗುವುದು ಹೇಗೆ

ಇದನ್ನು ತಿಳಿಯದೆ ದೋಷ ಹುಡುಕಲು ಆಗುವುದಿಲ್ಲ. ಎಸೆಯುವಾಗ ದಾಟಬಾರದ ಗೆರೆ, ಅಂದರೆ ಫೌಲ್ ಲೈನಿನಿಂದ ಮೊದಲ ಪಿನ್‌ಗೆ 60 ಅಡಿ. ಚೆಂಡು ಉರುಳುವ ಹಾದಿಗೆ ಲೇನ್ ಅನ್ನುತ್ತಾರೆ. ಅದರ ಅಗಲ ಸುಮಾರು 41.5 ಇಂಚು, ಅದರಲ್ಲಿ 39 ಹಲಗೆ. ಈ ಹಲಗೆಗಳ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳುವಾಗಿ ಎಣ್ಣೆ ಬಳಿದಿರುತ್ತಾರೆ. ಸಾಮಾನ್ಯವಾಗಿ ಮೊದಲ 40 ಅಡಿಯಷ್ಟು ಎಣ್ಣೆ ಇರುತ್ತದೆ, ಕೊನೆಯ 20 ಅಡಿ ಒಣ. ನಡುವಿನ ಹಲಗೆಗಳಲ್ಲಿ ಎಣ್ಣೆ ಜಾಸ್ತಿ, ಅಂಚಿನಲ್ಲಿ ಕಡಿಮೆ. ಫೌಲ್ ಲೈನ್ ದಾಟಿ ಕಾಲಿಟ್ಟರೆ ಜಾರಿ ಬೀಳುವುದು ಇದೇ ಎಣ್ಣೆಯಿಂದ.

ಮಳೆಗಾಲದಲ್ಲಿ ರಾಗಿ ಹೊಲದಿಂದ ಬೈಕು ಹೊರಗೆ ತಂದಿದ್ದೀರಾ? ಕೆಸರಲ್ಲಿ ಹಿಂದಿನ ಚಕ್ರ ಗಿರಗಿರ ತಿರುಗುತ್ತದೆ, ಬೈಕು ಮಾತ್ರ ತನ್ನ ಪಾಡಿಗೆ ಜಾರುತ್ತದೆ. ಗಟ್ಟಿ ನೆಲ ಸಿಕ್ಕ ಕೂಡಲೇ ಚಕ್ರ ಕಚ್ಚಿ, ಅದು ತಿರುಗುತ್ತಿದ್ದ ಕಡೆಗೆ ಬೈಕು ಚಿಮ್ಮುತ್ತದೆ. ಚೆಂಡೂ ಹಾಗೇ. ಎಣ್ಣೆಯ ಮೇಲೆ ತಿರುಗುತ್ತಾ ನೇರಕ್ಕೆ ಜಾರುತ್ತದೆ. ಒಣ ಹಲಗೆ ಸಿಕ್ಕಾಗ ಕಚ್ಚಿ ಬಾಗುತ್ತದೆ. ಆಮೇಲೆ ಉರುಳುತ್ತಾ ಪಿನ್‌ಗೆ ಹೋಗುತ್ತದೆ.

ಅಂದರೆ ಹುಕ್‌ಗೆ ಎರಡು ವಿಷಯ ಬೇಕು. ಚೆಂಡು ಓರೆಯಾಗಿ ತಿರುಗುತ್ತಿರಬೇಕು. ಆ ತಿರುಗು ನೆಲವನ್ನು ಕಚ್ಚಬೇಕು. ನಿಮ್ಮಲ್ಲಿ ಯಾವುದು ಇಲ್ಲ ಅನ್ನುವುದೇ ಮೊದಲ ಪ್ರಶ್ನೆ. ಹೊಸಬರಲ್ಲಿ ಹೆಚ್ಚಿನವರು ಇದನ್ನು ಕೇಳಿಕೊಳ್ಳದೆ ನೇರವಾಗಿ ಮಣಿಕಟ್ಟಿಗೆ ಕೈ ಹಾಕುತ್ತಾರೆ. ನಾನೂ ಅದನ್ನೇ ಮಾಡಿದ್ದೆ.

ಟೇಪ್ ಪರೀಕ್ಷೆ

ಬಿಳಿ ಇನ್ಸುಲೇಷನ್ ಟೇಪಿನ ಒಂದು ಬೆರಳುದ್ದದ ಚೂರು ಸಾಕು. ಕೌಂಟರಿನಲ್ಲಿ ಒಂದು ಮಾತು ಕೇಳಿ, ಬೆರಳು ತೂತುಗಳ ಪಕ್ಕದಲ್ಲಿ ಅಂಟಿಸಿ. ಕಡು ಬಣ್ಣದ ಚೆಂಡು ಆರಿಸಿಕೊಂಡರೆ ಟೇಪ್ ಚೆನ್ನಾಗಿ ಕಾಣುತ್ತದೆ. ಗೆಳೆಯರೊಬ್ಬರು ನಿಮ್ಮ ಹಿಂದೆ ನಿಂತು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಲಿ. ಐದಾರು ಚೆಂಡು ಎಸೆಯಿರಿ. ಪಿನ್ ಎಷ್ಟು ಬಿತ್ತು ಅಂತ ಲೆಕ್ಕ ಇಡಬೇಡಿ. ವಿಡಿಯೋದಲ್ಲಿ ಟೇಪನ್ನು ಮಾತ್ರ ನೋಡಿ.

ಟೇಪ್ ಗಾಡಿ ಚಕ್ರದ ಹಾಗೆ ಮುಂದಕ್ಕೆ ಮುಂದಕ್ಕೆ ಉರುಳುತ್ತಿದ್ದರೆ ಓರೆ ತಿರುಗು ಹುಟ್ಟಿಯೇ ಇಲ್ಲ. ಟೇಪ್ ಬುಗುರಿಯ ಹಾಗೆ ಒಂದೇ ಕಡೆ ಸುತ್ತುತ್ತಿದ್ದರೆ ತಿರುಗು ಇದೆ, ಆದರೆ ತಪ್ಪು ತಿರುಗು. ಟೇಪ್ ಮುಂದಕ್ಕೂ ಉರುಳುತ್ತಾ ಎಡಕ್ಕೂ ವಾಲುತ್ತಾ ಓರೆಯಾಗಿ ಸುತ್ತುತ್ತಿದ್ದರೆ ನಿಮ್ಮ ಕೈ ಸರಿಯಿದೆ. ದೋಷ ವೇಗದಲ್ಲಿ, ಚೆಂಡಿನಲ್ಲಿ ಅಥವಾ ಲೇನಿನಲ್ಲಿ ಇದೆ.

ಟೇಪ್ ಇಲ್ಲದಿದ್ದರೆ ಇನ್ನೊಂದು ಸುಳಿವು ಇದೆ. ವಾಪಸ್ ಬಂದ ಚೆಂಡನ್ನು ಬೆಳಕಿಗೆ ಹಿಡಿದರೆ ಮೈಮೇಲೆ ಎಣ್ಣೆಯ ತೆಳು ಬಳೆ ಕಾಣುತ್ತದೆ. ಚೆಂಡು ನೆಲ ಮುಟ್ಟಿದ್ದು ಆ ಸಾಲಿನಲ್ಲೇ. ಬಳೆ ದೊಡ್ಡದಾಗಿ, ತೂತುಗಳಿಗೆ ಹತ್ತಿರ, ಆದರೆ ತೂತುಗಳನ್ನು ಮುಟ್ಟದೆ ಹಾದಿದ್ದರೆ ಒಳ್ಳೆಯದು. ತೂತುಗಳಿಂದ ದೂರದಲ್ಲಿ ಸಣ್ಣ ಬಳೆ ಇದ್ದರೆ ಬುಗುರಿ ತಿರುಗು. ಬಳೆ ತೂತುಗಳ ಮೇಲೇ ಹಾದಿದ್ದರೆ, ಚೆಂಡು ಉರುಳುವಾಗ ಟಕ್ ಟಕ್ ಅಂತ ಸದ್ದೂ ಕೇಳುತ್ತದೆ. ಮೆಷಿನ್ನಿನ ಬೇರಿಂಗ್ ಸದ್ದು ಕೇಳಿ ದೋಷ ಹೇಳುವವರಿಗೆ ಈ ಸದ್ದು ಹಿಡಿಯುವುದು ಕಷ್ಟವಲ್ಲ.

ಟೇಪ್ ಗಾಡಿ ಚಕ್ರದ ಹಾಗೆ ಉರುಳುತ್ತಿದ್ದರೆ

ಹೊಸಬರಲ್ಲಿ ನಾನು ಅತಿ ಹೆಚ್ಚು ನೋಡಿದ ದೋಷ ಇದು. ನನ್ನದೂ ಇದೇ ಆಗಿತ್ತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೂರು ತಿಂಗಳು ನಾನು ಹುಕ್ ಅಂದರೆ ಮಣಿಕಟ್ಟು ತಿರುಗಿಸುವುದು ಅಂದುಕೊಂಡಿದ್ದೆ. ಪ್ರತಿ ಎಸೆತಕ್ಕೂ ಬಾಗಿಲ ಹಿಡಿ ತಿರುಗಿಸುವ ಹಾಗೆ ಕೈ ತಿರುಚುತ್ತಿದ್ದೆ. ಒಂದು ಭಾನುವಾರ ನಾಲ್ಕು ಗೇಮ್ ಆಡಿ ಬಂದೆ. ಮಾರನೇ ದಿನ ನೈಟ್ ಶಿಫ್ಟಿನಲ್ಲಿ ಸ್ಪ್ಯಾನರ್ ಹಿಡಿಯಲು ಆಗಲಿಲ್ಲ. ಹೆಬ್ಬೆರಳಿನ ಬುಡ ಊದಿತ್ತು. ಎರಡು ವಾರ ಎಡಗೈಯಲ್ಲೇ ಊಟ ಮಾಡಿದೆ. ಕೈ ನಂಬಿ ಬದುಕುವವನಿಗೆ ಅದು ನಿಜಕ್ಕೂ ಭಯದ ವಿಷಯ. ಆದ್ದರಿಂದ ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

ಕೈ ವಾಸಿಯಾದ ಮೇಲೆ ಹೋದಾಗ ಪಕ್ಕದ ಲೇನಿನಲ್ಲಿ ಒಬ್ಬರು ಹಿರಿಯರು ಆಡುತ್ತಿದ್ದರು. ನಾನು ಎಸೆಯುವುದನ್ನು ಸ್ವಲ್ಪ ಹೊತ್ತು ನೋಡಿದರು. "ತಮ್ಮಾ, ಕೈ ತಿರುಗಿಸ್ಬೇಡಪ್ಪ. ಹೆಬ್ಬೆರಳು ಮೊದ್ಲು ಆಚೆ ಬರ್ಲಿ, ಸಾಕು," ಅಂದರು. "ಅಷ್ಟೇನಾ ಸಾರ್?" ಅಂದೆ. "ಅಷ್ಟೇ. ಮಿಕ್ಕಿದ್ದು ಆ ಎರಡು ಬೆರಳು ನೋಡ್ಕೊಳ್ತವೆ."

ಅವರು ಹೇಳಿದ್ದರ ಒಳಗುಟ್ಟು ಇಷ್ಟು. ಚೆಂಡಿನಲ್ಲಿ ಮೂರು ತೂತು. ಹೆಬ್ಬೆರಳು ಚೆಂಡನ್ನು ಹಿಡಿದಿಡುತ್ತದೆ. ನಡುಬೆರಳು ಮತ್ತು ಉಂಗುರದ ಬೆರಳು ಚೆಂಡನ್ನು ತಿರುಗಿಸುತ್ತವೆ. ಹೆಬ್ಬೆರಳು ಮೊದಲು ಆಚೆ ಬಂದರೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಚೆಂಡಿನ ಭಾರ ಪೂರ್ತಿ ಆ ಎರಡು ಬೆರಳಿನ ಮೇಲೆ ಇರುತ್ತದೆ. ಆ ಹೊತ್ತಿನಲ್ಲಿ ಬೆರಳುಗಳು ಚೆಂಡಿನ ಬಲ ಪಕ್ಕದಿಂದ ಮೇಲಕ್ಕೆ ಎತ್ತಿಕೊಂಡು ಬರುತ್ತವೆ. ತಿರುಗು ಹುಟ್ಟುವುದು ಅಲ್ಲಿ. ಮೂರೂ ಬೆರಳು ಒಟ್ಟಿಗೆ ಬಂದರೆ ತಿರುಗಿಸಲು ಯಾರೂ ಉಳಿದಿರುವುದಿಲ್ಲ. ಆಮೇಲೆ ಮಣಿಕಟ್ಟು ಎಷ್ಟು ತಿರುಚಿದರೂ ಅದು ಬರೀ ಗಾಳಿಯಲ್ಲಿ.

ಹೆಬ್ಬೆರಳು ಯಾಕೆ ಸಿಕ್ಕಿಕೊಳ್ಳುತ್ತದೆ? ಮೊದಲು ತೂತು ನೋಡಿ. ಬಿಗಿ ತೂತಾದರೆ ಬೆರಳು ಎಳೆದುಕೊಂಡು ಬರುತ್ತದೆ. ಚೆಂಡು ಮೇಲಕ್ಕೆ ಹಾರಿ ಧಡ್ ಅಂತ ಬೀಳುತ್ತದೆ. ಇದು ಗೊತ್ತಾಗಿ ಜನ ಸಡಿಲ ತೂತಿನ ಚೆಂಡು ತೆಗೆದುಕೊಳ್ಳುತ್ತಾರೆ. ಅದೂ ತಪ್ಪು. ಸಡಿಲವಾದರೆ ಚೆಂಡು ಬಿದ್ದೀತು ಅಂತ ನಮಗೆ ಗೊತ್ತಿಲ್ಲದೆ ಬೆರಳು ಮಡಚಿ ಹಿಂಡುತ್ತೇವೆ. ಹಿಂಡಿದ ಬೆರಳು ಮೊದಲು ಆಚೆ ಬರುವುದಿಲ್ಲ. ಹೆಬ್ಬೆರಳನ್ನು ಬುಡದವರೆಗೆ ಹಾಕಿ ಅತ್ತಿತ್ತ ತಿರುಗಿಸಿ ನೋಡಿ. ಸುತ್ತಲೂ ಲಘುವಾಗಿ ತಾಗಬೇಕು, ನೇರ ಎಳೆದರೆ ಸಲೀಸಾಗಿ ಬರಬೇಕು. ಮಾಲಿನ ಚೆಂಡುಗಳಲ್ಲಿ ನಡುಬೆರಳು, ಉಂಗುರದ ಬೆರಳು ಎರಡನೇ ಗೆಣ್ಣಿನವರೆಗೆ ಹೋಗಬೇಕು. ಅಂಗೈ ಎಳೆದ ಹಾಗಾದರೆ ತೂತುಗಳ ನಡುವಿನ ಅಂತರ ನಿಮಗೆ ದೊಡ್ಡದು. ಬೇರೆ ಚೆಂಡು ಹುಡುಕಿ. ಸರಿಯಾದ ಚೆಂಡು ಹುಡುಕಲು ಹತ್ತು ನಿಮಿಷ ಕೊಟ್ಟರೆ ಸಂಕೋಚ ಬೇಡ.

ತೂಕವನ್ನೂ ನೋಡಿ. ಚೆಂಡಿನ ತೂಕ ಹೆಚ್ಚೆಂದರೆ 16 ಪೌಂಡ್. ಸುಮ್ನೆ ಮಾನಕ್ಕೆ ಬಿದ್ದು 14, 15 ಎತ್ತಿಕೊಂಡರೆ ಕೈ ಹಿಡಿಯಲೇ ಒದ್ದಾಡುತ್ತದೆ, ಬಿಡುವುದನ್ನು ಕಲಿಯುವುದಿಲ್ಲ. ನಾನು ಕಲಿತದ್ದು 12 ಪೌಂಡಿನಲ್ಲಿ, ಅಂದರೆ ಐದೂವರೆ ಕಿಲೋಗೆ ಸ್ವಲ್ಪ ಕಡಿಮೆ. ಅಕ್ಕನ ಮಗನಿಗೆ 10 ಕೊಟ್ಟೆ.

ಇನ್ನು ಕೈ. ಚೆಂಡನ್ನು ಹಿಂದಿನಿಂದ ನೋಡುವ ಗಡಿಯಾರ ಅಂದುಕೊಳ್ಳಿ. ಕೈ ಹಿಂದಿನಿಂದ ಮುಂದಕ್ಕೆ ಬರುವಾಗ ಅಂಗೈ ಚೆಂಡಿನ ಹಿಂದೆ ಇರಲಿ, ಬೆರಳುಗಳು ಆರು ಗಂಟೆಯ ಜಾಗದಲ್ಲಿ. ಪಾದದ ಪಕ್ಕ ಬಂದಾಗ ಬೆರಳುಗಳು ಐದಕ್ಕೆ, ನಾಲ್ಕಕ್ಕೆ ಸರಿಯಲಿ. ಹೆಬ್ಬೆರಳು ಹನ್ನೊಂದು, ಹತ್ತರ ಕಡೆ ಇರಲಿ. ಬಿಟ್ಟ ಮೇಲೆ ಕೈ ಎದುರಿಗಿರುವವರಿಗೆ ಕೈಕುಲುಕಲು ಚಾಚಿದ ಹಾಗೆ ಮುಗಿಯಲಿ. ಅಷ್ಟು ಸರಿಯುವುದು ಬಹಳ ಕಡಿಮೆ ಅನ್ನಿಸುತ್ತದೆ. ಅಷ್ಟೇ ಬೇಕಾಗಿರುವುದು.

ಇದನ್ನು ಓಡಿಬಂದು ಕಲಿಯಲು ಹೋಗಬೇಡಿ. ಫೌಲ್ ಲೈನ್ ಹತ್ತಿರ ಎಡಗಾಲು ಮುಂದಿಟ್ಟು ನಿಂತಲ್ಲೇ ನಿಂತು, ಕೈ ಒಮ್ಮೆ ಹಿಂದಕ್ಕೆ ತೂಗಿ ಬಿಡಿ. ಜೋರು ಬೇಡ. ಹತ್ತು ಸಲ ಹೀಗೆ ಮಾಡಿ, ಟೇಪ್ ಓರೆಯಾಗುತ್ತಿದೆಯಾ ನೋಡಿ. ಮನೆಯಲ್ಲಿ ಮಹಡಿ ಮೇಲೆ ಫುಟ್‌ಬಾಲಿಗೆ ಸೀಮೆಸುಣ್ಣದ ಗೆರೆ ಎಳೆದು ಗೋಡೆಯ ಕಡೆ ಉರುಳಿಸಿಯೂ ಅಭ್ಯಾಸ ಮಾಡಬಹುದು. ತೂತು ಇಲ್ಲದಿದ್ದರೂ ಬೆರಳು ಪಕ್ಕದಿಂದ ಮೇಲಕ್ಕೆ ಬರುವ ಹದ ಕೈಗೆ ಹತ್ತುತ್ತದೆ.

ಟೇಪ್ ಬುಗುರಿಯಾಗಿದ್ದರೆ

ಇದು ಮೊದಲಿನದಕ್ಕೆ ಉಲ್ಟಾ. ಕೈ ಜಾಸ್ತಿ ತಿರುಗಿದೆ. ಬಿಡುವ ಹೊತ್ತಿಗೆ ಅಂಗೈ ಚೆಂಡಿನ ಮೇಲೆ ಬಂದಿದೆ, ಹೆಬ್ಬೆರಳು ನೆಲದ ಕಡೆ ತೋರಿಸುತ್ತಿದೆ. ಚೆಂಡು ನೋಡಲು ಭರ್ಜರಿಯಾಗಿ ಸುತ್ತುತ್ತದೆ. ಆದರೆ ಬುಗುರಿ ಮೊಳೆಯ ಮೇಲೆ ನಿಂತ ಹಾಗೆ ಒಂದು ಸಣ್ಣ ಜಾಗದ ಮೇಲೆ ಸುತ್ತುವುದರಿಂದ ಬೇಗ ಕಚ್ಚುವುದಿಲ್ಲ. ಉದ್ದಕ್ಕೂ ಜಾರಿಕೊಂಡು ಹೋಗುತ್ತದೆ. ಪಿನ್‌ಗೆ ತಾಗಿದರೂ ಪಕ್ಕಕ್ಕೆ ಸಿಡಿಯುತ್ತದೆ.

ವಿಡಿಯೋವನ್ನು ಕೈ ಕೆಳಗೆ ಬರುವ ಜಾಗದಲ್ಲಿ ನಿಲ್ಲಿಸಿ ನೋಡಿ. ಮೊಣಕೈ ಮೈಯಿಂದ ದೂರ, ಕೋಳಿ ರೆಕ್ಕೆ ಬಿಚ್ಚಿದ ಹಾಗೆ ಹೋಗಿದೆಯಾ? ಹೋಗಿದ್ದರೆ ಅದೇ ಕಾರಣ. ಮೊಣಕೈ ಆಚೆ ಹೋದರೆ ಅಂಗೈ ತಾನಾಗಿ ಚೆಂಡಿನ ಮೇಲೆ ಬರುತ್ತದೆ. ಮಣಿಕಟ್ಟನ್ನು ಬೈದು ಪ್ರಯೋಜನ ಇಲ್ಲ. ಮೊಣಕೈಯ ಒಳಭಾಗ ಪಿನ್‌ಗಳ ಕಡೆ ನೋಡುತ್ತಿರಲಿ. ಕೈ ಸೊಂಟಕ್ಕೆ ಸವರಿಕೊಂಡೇ ತೂಗಲಿ. ಒಂದು ಕರವಸ್ತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಬರಿಗೈಯಲ್ಲಿ ತೂಗಿ ನೋಡಿ. ಮೊಣಕೈ ಆಚೆ ಹೋದ ಕೂಡಲೇ ಬಟ್ಟೆ ಬೀಳುತ್ತದೆ.

ಇನ್ನೊಂದು ಕಾರಣ ಅವಸರ. ಕೈ ಇನ್ನೂ ಹಿಂದೆ ಇರುವಾಗಲೇ ತಿರುಗಿಸಲು ಶುರು ಮಾಡಿದರೆ, ಪಾದದ ಹತ್ತಿರ ಬರುವಷ್ಟರಲ್ಲಿ ತಿರುಗು ಮುಗಿದುಹೋಗಿರುತ್ತದೆ.

ಟೇಪ್ ಸರಿಯಾಗಿದೆ, ಆದರೂ ಬಾಗುತ್ತಿಲ್ಲ

ಕೈಗೆ ಕೈ ಹಾಕಬೇಡಿ. ಮೊದಲು ವೇಗ ಅಳೆಯಿರಿ. ವಿಡಿಯೋದಲ್ಲಿ ಚೆಂಡು ಬಿಟ್ಟ ಹೊತ್ತಿನಿಂದ ಪಿನ್ ಮುಟ್ಟುವ ಹೊತ್ತಿನವರೆಗೆ ಎಷ್ಟು ಸೆಕೆಂಡ್ ಅಂತ ನೋಡಿ. ಸ್ಲೋ ಮೋಷನ್ ಬೇಡ, ಮಾಮೂಲಿ ವಿಡಿಯೋ. ಸುಮಾರು ಎರಡೂವರೆ ಸೆಕೆಂಡ್ ಬಂದರೆ ಗಂಟೆಗೆ 26 ಕಿಲೋಮೀಟರ್ ಆಸುಪಾಸು, ಹೊಸಬರಿಗೆ ಒಳ್ಳೆಯ ವೇಗ. ಎರಡು ಸೆಕೆಂಡಿಗಿಂತ ಕಡಿಮೆಯಾದರೆ ಚೆಂಡಿಗೆ ಕಚ್ಚಲು ಪುರುಸೊತ್ತೇ ಇಲ್ಲ. ಒಣ ಹಲಗೆಯ ಆ 20 ಅಡಿಯನ್ನು ಹಾರಿಕೊಂಡ ಹಾಗೆ ದಾಟಿಬಿಡುತ್ತದೆ. ನಮ್ಮ ಶಿಫ್ಟಿನ ಗಟ್ಟಿ ಹುಡುಗರೆಲ್ಲ ಇಲ್ಲೇ ಸಿಕ್ಕಿಬೀಳುತ್ತಾರೆ. ತೋಳಿನಿಂದ ನೂಕಬೇಡಿ. ಚೆಂಡನ್ನು ಎದೆಯಿಂದ ಸ್ವಲ್ಪ ಕೆಳಗೆ ಹಿಡಿದು ಶುರು ಮಾಡಿ. ತೂಗು ಚಿಕ್ಕದಾಗುತ್ತದೆ, ವೇಗ ತಾನಾಗಿ ಇಳಿಯುತ್ತದೆ.

ವೇಗವೂ ಸರಿಯಿದ್ದರೆ ಚೆಂಡನ್ನು ನೋಡಿ. ಮಾಲುಗಳಲ್ಲಿ ಸಾಲಾಗಿ ಇಟ್ಟಿರುವ ಚೆಂಡುಗಳು ಹೆಚ್ಚಾಗಿ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್ ಮೈಯವು. ಅವು ನುಣುಪು, ಗಟ್ಟಿ, ನೆಲ ಕಚ್ಚುವುದು ಕಡಿಮೆ. ಟಿವಿಯಲ್ಲಿ ಕಾಣುವ ಆಟಗಾರರ ಚೆಂಡುಗಳ ಮೈ ಬೇರೆ. 1980ರ ದಶಕದಲ್ಲಿ ಯುರೆಥೇನ್ ಬಂತು, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಬಂತು. ರೆಸಿನ್ ಮೈ ಒಣ ಹಲಗೆಯನ್ನು ಗಬಕ್ಕನೆ ಹಿಡಿಯುತ್ತದೆ. ಅವರ ಬೆರಳುಗಳೂ ಮೊದಲ ಗೆಣ್ಣಿನವರೆಗೆ ಮಾತ್ರ ಒಳಗಿರುತ್ತವೆ, ಅದರಿಂದ ತಿರುಗು ಇನ್ನೂ ಜಾಸ್ತಿ ಸಿಗುತ್ತದೆ.

ಹಾಗಾಗಿ ಮಾಲಿನ ಚೆಂಡಿನಲ್ಲಿ ಆ ದೊಡ್ಡ ಬಳುಕು ಬರಲಿಲ್ಲ ಅಂದರೆ ಅದು ದೋಷವೇ ಅಲ್ಲ. ಐದಾರು ಹಲಗೆ, ಅಂದರೆ ಅರ್ಧ ಗೇಣಿನಿಂದ ಒಂದು ಗೇಣಿನ ಒಳಗೆ ಬಾಗಿದರೆ ನಿಮ್ಮ ಹುಕ್ ಬಂದಿದೆ ಅಂತಲೇ ಅರ್ಥ. ಇದನ್ನು ನಂಬಿ. ನಂಬದವರೇ ಮತ್ತೆ ಮಣಿಕಟ್ಟು ತಿರುಚಲು ಹೋಗಿ ನೋವು ಮಾಡಿಕೊಳ್ಳುವುದು. ಅಮೆರಿಕದ ವಾಲ್ಟರ್ ರೇ ವಿಲಿಯಮ್ಸ್ ಜೂನಿಯರ್ ಅಲ್ಲಿನ ವೃತ್ತಿಪರ ಟೂರ್‌ನಲ್ಲಿ 47 ಪ್ರಶಸ್ತಿ ಗೆದ್ದವರು. ಅವರ ಚೆಂಡು ಬೇರೆ ದೊಡ್ಡ ಆಟಗಾರರ ಚೆಂಡಿಗಿಂತ ನೇರವಾಗಿಯೇ ಹೋಗುತ್ತಿತ್ತು.

ಸಣ್ಣ ಹುಕ್ಕೂ ಕೆಲಸಕ್ಕೆ ಬರುತ್ತದೆ. ಬಲಗೈಯವರು ಹೊಡೆಯಬೇಕಾದ ಜಾಗ ಎಲ್ಲಕ್ಕಿಂತ ಮುಂದಿನ ಒಂದನೇ ಪಿನ್ ಮತ್ತು ಅದರ ಬಲ ಹಿಂದಿನ ಮೂರನೇ ಪಿನ್ನಿನ ನಡುವೆ. ನೇರ ಚೆಂಡು ಅಲ್ಲಿಗೆ ತಾಗಿದರೂ ಬಲಕ್ಕೆ ಸಿಡಿದು, ನಡುವಿನ ಐದನೇ ಪಿನ್ ನಿಂತುಬಿಡುತ್ತದೆ. ಓರೆಯಾಗಿ ಬಂದ ಚೆಂಡು ಒಳಕ್ಕೆ ಹೊಕ್ಕು ಒಂದು, ಮೂರು, ಐದು, ಒಂಬತ್ತನೇ ಪಿನ್‌ಗಳನ್ನು ತಾನೇ ಹೊಡೆಯುತ್ತದೆ. ಮಿಕ್ಕ ಆರನ್ನು ಪಿನ್‌ಗಳೇ ಒಂದಕ್ಕೊಂದು ತಾಗಿ ಬೀಳಿಸುತ್ತವೆ. ಸುಮಾರು 6 ಡಿಗ್ರಿ ಓರೆ ತುಂಬ ಒಳ್ಳೆಯದು ಅನ್ನುತ್ತಾರೆ. ನಮ್ಮ ಪ್ಲಾಸ್ಟಿಕ್ ಚೆಂಡಿಗೆ ಅದು ದೂರದ ಮಾತು. ಎರಡು ಮೂರು ಡಿಗ್ರಿ ಸಿಕ್ಕರೂ ಐದನೇ ಪಿನ್ ಬೀಳಲು ಶುರುವಾಗುತ್ತದೆ. ನನಗೆ ಹುಕ್ ಬಂದಿದ್ದು ಗೊತ್ತಾಗಿದ್ದೇ ಹಾಗೆ. ಕಣ್ಣಿಗೆ ಬಾಗು ಕಂಡಿರಲಿಲ್ಲ, ಯಾವಾಗಲೂ ನಿಲ್ಲುತ್ತಿದ್ದ ಐದನೇ ಪಿನ್ ನಿಲ್ಲುವುದು ಕಡಿಮೆಯಾಯಿತು.

ಕೊನೆಯದು ಎಣ್ಣೆ. ನಡುವಿನ ಹಲಗೆಗಳಲ್ಲಿ ಎಸೆಯುತ್ತಿದ್ದರೆ ಎಣ್ಣೆ ಜಾಸ್ತಿ ಇರುವ ಕಡೆಯೇ ಎಸೆಯುತ್ತಿದ್ದೀರಿ. ಲೇನಿನ ಮೇಲೆ ಬಾಣದ ಗುರುತುಗಳು ಏಳು ಇವೆ, ಐದೈದು ಹಲಗೆಗೆ ಒಂದರಂತೆ. ಬಲದಿಂದ ಎರಡನೇ ಬಾಣದ ಮೇಲೆ ಚೆಂಡು ಹಾಯಿಸಿ. ಕಣ್ಣು ಪಿನ್ ಮೇಲೆ ಬೇಡ, ಬಾಣದ ಮೇಲೆ ಇರಲಿ. 60 ಅಡಿ ದೂರದ ಗುರಿಗಿಂತ 15 ಅಡಿ ದೂರದ ಗುರಿ ಸುಲಭ ಅಲ್ವಾ?

ಬಾಗುತ್ತಿದೆ, ಆದರೆ ತಪ್ಪು ಜಾಗಕ್ಕೆ

ಇದು ಖುಷಿಯ ದೋಷ. ಕೈ ಮುಟ್ಟಬೇಡಿ, ಕಾಲು ಸರಿಸಿ. ಚೆಂಡು ಯಾವ ಕಡೆಗೆ ತಪ್ಪಿತೋ ಅದೇ ಕಡೆಗೆ ಎರಡು ಹಲಗೆ ಸರಿದು ನಿಂತು, ಅದೇ ಬಾಣಕ್ಕೆ ಎಸೆಯಿರಿ. ಎಡಕ್ಕೆ ಜಾಸ್ತಿ ಹೋದರೆ ಎಡಕ್ಕೆ ಸರಿಯಿರಿ. ಬಲದಲ್ಲೇ ಉಳಿದರೆ ಬಲಕ್ಕೆ. ಮೊದಲು ಉಲ್ಟಾ ಅನ್ನಿಸುತ್ತದೆ. ಬಾಣವನ್ನು ತಕ್ಕಡಿಯ ನಡುವಿನ ಮುಳ್ಳು ಅಂದುಕೊಂಡರೆ ಅರ್ಥವಾಗುತ್ತದೆ. ಈ ತುದಿ ಎಡಕ್ಕೆ ಹೋದರೆ ಆ ತುದಿ ಬಲಕ್ಕೆ ಹೋಗಲೇಬೇಕು.

ಮೊದಲ ಗೇಮಿನಲ್ಲಿ ಸರಿಯಿದ್ದು ಮೂರನೇ ಗೇಮಿನಲ್ಲಿ ತಪ್ಪಿದರೆ ಗಾಬರಿ ಬೇಡ. ಆಡುತ್ತಾ ಆಡುತ್ತಾ ಚೆಂಡುಗಳು ಎಣ್ಣೆಯನ್ನು ಒಂದು ಕಡೆ ಸವೆಸಿ, ಇನ್ನೊಂದು ಕಡೆ ಹರಡುತ್ತವೆ. ಮತ್ತೆ ಎರಡು ಹಲಗೆ, ಅಷ್ಟೇ. ಎಸೆಯುವ ಮೊದಲು ಪ್ರತಿ ಸಲ ಚೆಂಡನ್ನು ಬಟ್ಟೆಯಲ್ಲಿ ಒರೆಸಿ.

ಬಲ ಮೂಲೆಯ ಹತ್ತನೇ ಪಿನ್ ಒಂದೇ ಉಳಿದಾಗ ಮಾತ್ರ ಹುಕ್ ಮರೆತುಬಿಡಿ. ಎಡಗಡೆ ನಿಂತು, ಬೆರಳುಗಳನ್ನು ಆರು ಗಂಟೆಯಲ್ಲೇ ಇಟ್ಟು, ಅಡ್ಡಡ್ಡವಾಗಿ ನೇರ ಚೆಂಡು ಬಿಡಿ.

ಹೆಬ್ಬೆರಳು ಏನು ಮಾಡಿದರೂ ಬರದಿದ್ದರೆ

ಕೆಲವರಿಗೆ ಮಾಲಿನ ಯಾವ ಚೆಂಡಿನ ತೂತೂ ಹೊಂದುವುದಿಲ್ಲ. ಅವರಿಗೆ ಒಂದು ದಾರಿ ಇದೆ. ಹೆಬ್ಬೆರಳು ಹಾಕದೆ, ಎಡಗೈಯ ಆಸರೆ ಕೊಟ್ಟು ಎರಡು ಕೈಯಲ್ಲಿ ಎಸೆಯುವುದು. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಹೀಗೆ ಆಡಿಯೇ ಜಗತ್ತಿನ ಮೇಲಿನ ಸಾಲಿಗೆ ಬಂದರು. ಹೆಬ್ಬೆರಳೇ ಇಲ್ಲದ ಮೇಲೆ ಸಿಕ್ಕಿಕೊಳ್ಳುವ ಪ್ರಶ್ನೆ ಇಲ್ಲ, ತಿರುಗು ಧಾರಾಳವಾಗಿ ಬರುತ್ತದೆ. ಆದರೆ ಸೊಂಟ ಜಾಸ್ತಿ ಬಾಗಿಸಬೇಕು, ಗುರಿ ಕೂರಲು ಸಮಯ ಹಿಡಿಯುತ್ತದೆ. ಹಗುರ ಚೆಂಡಿನಲ್ಲಿ ಶುರು ಮಾಡಿ.

ಯಾವ ವಿಧಾನವಾದರೂ ಮಣಿಕಟ್ಟು ಅಥವಾ ಹೆಬ್ಬೆರಳಿನ ಬುಡ ಚುರ್ ಅಂದರೆ ಆ ಗೇಮನ್ನು ಅಲ್ಲಿಗೇ ನಿಲ್ಲಿಸಿ. ದುಡ್ಡು ಕೊಟ್ಟಾಗಿದೆ ಅಂತ ಮುಂದುವರಿಸಬೇಡಿ. ಮಾರನೇ ದಿನವೂ ಊತ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಅಕ್ಕನ ಮಗನ ದೋಷ ಏನಿತ್ತು ಅಂತ ಹೇಳಲಿಲ್ಲ. ಅವನದು ಬುಗುರಿ ತಿರುಗು, ಕಾರಣ ಮೊಣಕೈ. ಕರವಸ್ತ್ರ ಏಳು ಸಲ ಬಿತ್ತು. ಎಂಟನೇ ಸಲ ಬೀಳಲಿಲ್ಲ. ಆಮೇಲೆ 10 ಪೌಂಡಿನ ಚೆಂಡು ಬಲದಿಂದ ಎರಡನೇ ಬಾಣದ ಮೇಲೆ ಹೋಗಿ, ಕೊನೆಯಲ್ಲಿ ನಾಲ್ಕು ಬೆರಳಷ್ಟು ಎಡಕ್ಕೆ ಬಂತು. ಎಂಟು ಪಿನ್ ಬಿತ್ತು. "ಮಾವ, ಬಾಗ್ತು ಕಣೋ!" ಅಂತ ಖುಷಿಯಲ್ಲಿ ನನಗೇ ಏಕವಚನ ಹಾಕಿದ. ಚೆಂಡಿನ ಟೇಪ್ ಕಿತ್ತು, ಅಂಟು ಒರೆಸಿ, ಅದರ ಬಣ್ಣ, ತೂಕ ಎರಡನ್ನೂ ಮೊಬೈಲಿನಲ್ಲಿ ಬರೆದಿಟ್ಟುಕೊಂಡ. ಮುಂದಿನ ತಿಂಗಳು ಅದೇ ಚೆಂಡು ಹುಡುಕುತ್ತಾನಂತೆ.